ಕಿಟಕಿ ಪಕ್ಕದ ಮಂಚ

ಅಕ್ಕಾ,

ತೊಡೆಯ ರಕ್ತನಾಳದ ಮೂಲಕವೇ ನಿನ್ನ ಹೃದಯಕ್ಕೆ ಹೊಸ ಕವಾಟ ಕೂರಿಸಿದರಂತೆ, ಎದೆಯ ಮೇಲೆ ಒಂದು ಗೀರೂ ಇಲ್ಲವಂತೆ. ಅದರಲ್ಲೂ ನಿನ್ನದೇ ಅದೃಷ್ಟ! ನನ್ನ ಪಿತ್ತಕೋಶ ತೆಗೆಯಲು ಹೊಟ್ಟೆಯನ್ನೇ ಕೊಯ್ದಿದ್ದರು. ಆಗಲೂ ಅಮ್ಮ ವಿಚಾರಿಸಿದ್ದು ನಿನ್ನ ಆಯಾಸವನ್ನೇ.

ಸೋರುತ್ತಿದ್ದ ಇನ್ನೊಂದು ಕವಾಟದ ಚಿಂತೆ ಬಿಡು. ಹೊಸದು ಕೂತ ಮೇಲೆ ಹೃದಯದ ಭಾರ ಇಳಿದು, ಅದರ ಸೋರಿಕೆಯೂ ತಾನಾಗಿಯೇ ಕಡಿಮೆಯಾಗಿದೆ ಎಂದು ಡಾಕ್ಟರು ಹೇಳಿದರು. ನಮಗೆ ಅರವತ್ತು ದಾಟಿದರೂ ಅಮ್ಮ "ಅವಳಿಗೆ ಕೆಲಸ ಹೇಳ್ಬೇಡ ಕಣೇ, ಪಾಪ, ಹೃದಯ ಸೋರುತ್ತೆ" ಎನ್ನುತ್ತಿದ್ದಳಲ್ಲ, ಆ ಆಟ ಇನ್ನು ನಡೆಯದು. ಪಾತ್ರೆ ತೊಳೆಯಲು ತಯಾರಾಗಿ ಬಾ.

ಕಿಟಕಿ ಪಕ್ಕದ ನಿನ್ನ ಮಂಚ ಈಗ ನನ್ನದು. ಚಿಕ್ಕಂದಿನಿಂದ ಕಣ್ಣಿಟ್ಟಿದ್ದ ಜಾಗ. ಆದರೆ ಮಲಗಿದರೆ ನಿದ್ದೆಯೇ ಹತ್ತುತ್ತಿಲ್ಲ. ಬೇಗ ಬಂದು, ಜಗಳವಾಡಿ ಬಿಡಿಸಿಕೋ.

ಇಂತಿ,
ಹೊಟ್ಟೆಕಿಚ್ಚಿನ ನಿನ್ನ ತಂಗಿ