ಧೂಳುಬಾಗಿಲು

ಒಡ್ಡಿನ ವರ್ಷ ನೂರ ಹನ್ನೆರಡು, ಎರಡನೆಯ ಚೈತ್ರದ ಇಪ್ಪತ್ತಮೂರನೆಯ ದಿನ

ಎಷ್ಟೋ ತಲೆಮಾರುಗಳಾಚೆ ನನ್ನ ಈ ಕೆಲಸಕ್ಕೆ ಬರುವವರಿಗೆ,

ನನ್ನ ಮಾತುಗಳು ನಿಮ್ಮ ಕಿವಿಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಒಡ್ಡು ಎಂದರೆ ಧೂಳುಗಾಳಿ ತಡೆಯಲು ಕೃಷ್ಣೆಯ ದಂಡೆಯ ನಮ್ಮ ಊರಿನ ಸುತ್ತ ಕಟ್ಟಿದ ಗೋಡೆ. ಹೂಂದಿನ ಎಂದರೆ ಹದಿನೆಂಟು ತುಂಬಿದವರನ್ನು ಸಭೆಯ ಮುಂದೆ ನಿಲ್ಲಿಸಿ, ಈ ಊರಿನ ಕಟ್ಟಳೆಗೆ ಒಪ್ಪುತ್ತೀಯಾ ಎಂದು ಕೇಳುವ ದಿನ. ಹೂಂ ಎಂದವರಿಗೆ ನೀರಿನ ಪಾಲು, ಸಭೆಯಲ್ಲಿ ಕೈಯೆತ್ತುವ ಹಕ್ಕು. ಒಪ್ಪದವರು ಒಡ್ಡಿನಲ್ಲಿರುವ ಧೂಳುಬಾಗಿಲಿನಿಂದ ಹೊರಗೆ ಹೋಗಬಹುದು. ಒಪ್ಪಿಗೆಯಿಲ್ಲದೆ ಯಾರನ್ನೂ ಆಳಬಾರದು ಎಂಬುದು ಹಿರಿಯರ ಹಟವಾಗಿತ್ತು. ಕೇಳುವ ಕೆಲಸ ನನ್ನದು. ಈವರೆಗೆ ಒಬ್ಬರೂ ಒಲ್ಲೆ ಎಂದಿರಲಿಲ್ಲ. ಅದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆವು. ಆ ದಿನ ಎಲ್ಲರಿಗೂ ಸಜ್ಜಕದ ಹೋಳಿಗೆ. ನಾನು ಕೇಳುತ್ತಿರುವಾಗಲೇ ಜನರ ಕಣ್ಣು ಬುಟ್ಟಿಯ ಮೇಲಿರುತ್ತಿತ್ತು.

ಈ ವರ್ಷ ನನ್ನ ತಂಗಿಯ ಮಗಳು ಹುಲಿಗೆಮ್ಮನ ಸರದಿ. ಅವಳು ಹೂಂ ಅನ್ನಲಿಲ್ಲ, ಒಲ್ಲೆ ಅನ್ನಲೂ ಇಲ್ಲ. “ಮೊದ್ಲ ಬಾಗ್ಲಾ ತೋರ್ಸು ದೊಡ್ಡವ್ವಾ, ಆಮ್ಯಾಲ ಹೇಳ್ತೀನಿ,” ಅಂದಳು.

ಬಾಗಿಲು ಎಲ್ಲಿದೆಯೆಂದು ನಾನೇ ಹುಡುಕಬೇಕಾಯಿತು. ಒಡ್ಡಿಗೆ ಆನಿಸಿ ಕಟ್ಟಿದ ಮೌನೇಶಪ್ಪನ ಖಾನಾವಳಿಯ ಉಗ್ರಾಣದಲ್ಲಿ, ಮೆಣಸಿನಕಾಯಿ ಚೀಲಗಳ ಹಿಂದೆ ಅದು ಸಿಕ್ಕಿತು. ಅದರ ಮುಂದೆ ಇಟ್ಟಿಗೆ ಗೋಡೆ. ಧೂಳು ಬರುತ್ತದೆಂದು ಯಾವಾಗಲೋ ಯಾರೋ ಕಟ್ಟಿಸಿದ್ದರು. “ಧೂಳ ತಿನ್ನಾಕ ಯಾರ ಹೊಕ್ಕಾರ ಹೊರಗ? ಸುಮ್ಕ ಹೂಂ ಅನ್ನವಾ, ಹೋಳಿಗಿ ಆರಾಕತ್ತಾವು,” ಎಂದ ಮೌನೇಶಪ್ಪ. ಎಲ್ಲರೂ ನಕ್ಕರು, ಅವಳೊಬ್ಬಳ ಹೊರತು. ಸಂಜೆಯೊಳಗೆ ಉತ್ತರ ಬಾರದಿದ್ದರೆ ಅವಳ ನೀರು ನಿಲ್ಲಿಸಬೇಕೆಂದು ಸಭೆ ನನಗೆ ನೆನಪಿಸಿತು.

ನಾನೂ ಆ ಇಟ್ಟಿಗೆಯ ಈಚೆ ನಿಂತು ಹೂಂ ಅಂದವಳೇ. ನಿಲ್ಲಿಸುವುದಾದರೆ ಮೊದಲು ನನ್ನ ನೀರು ನಿಲ್ಲಿಸಿ, ಬಾಗಿಲು ತೆರೆಯುವವರೆಗೆ ನಾನು ಯಾರನ್ನೂ ಕೇಳುವುದಿಲ್ಲ ಎಂದು ಹೇಳಿ ಹಾರೆ ತರಿಸಿದೆ. ಮೌನೇಶಪ್ಪ ಗೊಣಗುತ್ತಲೇ ಚೀಲ ಸರಿಸಿದ.

ಇಟ್ಟಿಗೆ ಬಿತ್ತು, ಬಾಗಿಲು ತೆರೆಯಿತು. ಹುಲಿಗೆಮ್ಮ ಹೊರಗೆ ನಡೆದಳು. ಊರೆಲ್ಲ ಕೆಮ್ಮುತ್ತ ಕಾಯಿತು; ಹೋಳಿಗೆಯ ಮೇಲೆ ಕೆಂಪು ಪದರ ಕೂತಿತು. ಅವಳು ಬರದಿದ್ದರೂ ಬಾಗಿಲು ತೆರೆದೇ ಇರಲಿ ಎಂದು ನಾನು ಹೊಸ್ತಿಲ ಮೇಲೆ ಕೂತೆ. ಹೊತ್ತಿಳಿಯುವಾಗ ಬಂದಳು. ನನ್ನ ತಂಬಿಗೆಯ ನೀರು ಕುಡಿದು, “ಈಗ ಕೇಳು,” ಅಂದಳು. ಕೇಳಿದೆ. ಇಷ್ಟು ವರ್ಷಗಳಲ್ಲಿ ನನಗೆ ಸಿಕ್ಕ ಮೊದಲ ಹೂಂ ಅದು.

ಗೋಡೆ ಮತ್ತೆ ಕಟ್ಟಬೇಕೆನ್ನುವವರು ಈಗಲೇ ಮನೆಮನೆ ತಿರುಗುತ್ತಿದ್ದಾರೆ. ನಾನಿರುವವರೆಗೆ ಅದು ಆಗುವುದಿಲ್ಲ. ನಿಮ್ಮಲ್ಲಿ ಬೇಡುವುದಿಷ್ಟೇ: ಹೂಂದಿನದ ಬೆಳಿಗ್ಗೆ, ಯಾರನ್ನೇ ಕೇಳುವ ಮೊದಲು, ಆ ಬಾಗಿಲನ್ನು ನಿಮ್ಮ ಕೈಯಿಂದಲೇ ತೆರೆದು ನೋಡಿ. ಧೂಳು ಬರುತ್ತದೆ. ಬರಲಿ.

ಸಂಗವ್ವ