ನಾನು ಮಂಜೂರು ಮಾಡಿದ ರಜೆ

ಮಹಾರಾಜಶ್ರೀ ಮಾವನವರ ಸನ್ನಿಧಿಗೆ, ಮುಲುಂಡಿನಿಂದ ನಿಮ್ಮ ಅಕ್ಕನ ಮಗಳು ಮಾಡುವ ಸಾಷ್ಟಾಂಗ.

ವಿಷಯ: ನಾನು ತಪ್ಪಾಗಿ ಮಂಜೂರು ಮಾಡಿದ ಒಂದು ದಿನದ ರಜೆ.

ನೋಡಿ, ವಿಷಯದ ಕೆಳಗೆ ಸ್ಕೇಲಿಟ್ಟು ಗೆರೆ ಎಳೆದಿದ್ದೇನೆ. ಗೆರೆ ಇಲ್ಲದ ಅರ್ಜಿಯನ್ನು ಓದುವುದೇ ಇಲ್ಲ ಅಂತಿದ್ದಿರಲ್ಲ, ಈಗ ಓದಿ. ಆಫೀಸಿನಲ್ಲಿ ಜೀವಮಾನವಿಡೀ ಬೇರೆಯವರ ರಜೆ ಅರ್ಜಿ ಓದಿದ ಹೆಡ್ ಕ್ಲರ್ಕು ನೀವು, ಇದೊಂದನ್ನು ಓದದೆ ಎಲ್ಲಿಗೆ ಹೋಗ್ತೀರಿ? ಈ ತಪ್ಪು ಎಂಟು ತಿಂಗಳು ನನಗೊಬ್ಬಳಿಗೇ ಗೊತ್ತಿತ್ತು. ಇವತ್ತು ಬೆಳಿಗ್ಗೆಯಿಂದ ಅಮ್ಮನಿಗೂ ಗೊತ್ತು.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಕನ್ನಡ ಅಕ್ಷರ ಕಲೀಲಿಕ್ಕೆ ಅಂತ ಪ್ರತಿ ಭಾನುವಾರ ಅಮ್ಮ ನನ್ನನ್ನು ಆಂಟಾಪ್ ಹಿಲ್‌ನ ನಿಮ್ಮ ಒಂದೇ ಕೋಣೆಯ ಖೋಲಿಗೆ ಅಟ್ಟುತ್ತಿದ್ದಳು. ಕಲಿತದ್ದು ಕಡಿಮೆ, ನಕ್ಕದ್ದು ಹೆಚ್ಚು. ಇಂಗ್ಲಿಷಿನಲ್ಲಿ ರಜೆ ಅರ್ಜಿ ಬರೆಸಿಕೊಳ್ಳಲು ನಿಮ್ಮ ಬಾಗಿಲಲ್ಲಿ ಸಾಲು ನಿಲ್ಲುತ್ತಿತ್ತು. ಹೋಟೆಲಿನ ಸಪ್ಲೈಯರು, ಲಿಫ್ಟ್‌ಮನ್ನು, ವಾಚ್‌ಮನ್ನು. ಎಲ್ಲರಿಗೂ ನೀವು ಬರೆದುಕೊಡುತ್ತಿದ್ದದ್ದು ಒಂದೇ ಸಾಲು, ಅದರಲ್ಲಿ ಮೈ ಹುಷಾರಿಲ್ಲ ಅನ್ನಲು ಒಂದೇ ಭಾರಿ ಪದ: ಇಂಡಿಸ್ಪೋಸ್ಡ್. ಕೊನೆಗೆ ಜನ ಅರ್ಜಿಗೇ ಆ ಹೆಸರಿಟ್ಟರು. ಕಲಬುರಗಿಯ ವಾಚ್‌ಮನ್ ಶರಣಪ್ಪ ಬಂದ ದಿನ ನೆನಪುಂಟಲ್ಲ?

"ಸರ, ನನಗೊಂದ್ ಇಂಡಿಸ್ಪೋಜ್ ಬರದ್ ಕೊಡ್ರಿ. ಎರಡ್ ದಿನದ್ದು."

"ಏನಾಗಿದೆ ನಿನಗೆ?"

"ನನಗೇನಾಗ್ಯಾದ್ರಿ, ಕಲ್ಲ್ ಇದ್ದಂಗ ಇದ್ದೀನಿ. ಹೆಂಡ್ತಿಗಿ ಇಂಡಿಸ್ಪೋಜ್ ಆಗ್ಯಾದ್ರಿ. ಈಗ ಐದನೇ ತಿಂಗಳು."

ನಾನು ಮಂಚದ ಕೆಳಗೆ ಹೊಕ್ಕು ಬಾಯಿಗೆ ಚಾದರ ತುರುಕಿಕೊಂಡೆ. ನೀವು ನಗಲಿಲ್ಲ. ಗಂಭೀರವಾಗಿ ಬರೆದು, ಓದಿ ಹೇಳಿ, ಅವನನ್ನು ಕಳಿಸಿಕೊಟ್ಟು, ಆಮೇಲೆ ಪೆನ್ನಿನ ಕ್ಯಾಪು ನನ್ನ ತಲೆಗೆ ಗುರಿಯಿಟ್ಟು ಎಸೆದಿರಿ. "ನಗಬೇಡ ಮಾರಾಯ್ತಿ. ಪದ ಅವನ ಬಾಯಲ್ಲಿ ಬೆಳೀತಾ ಉಂಟು."

ಜ್ವರ ಅಂತ ನೇರ ಬರೆದರೇನು ಅಂತ ಒಮ್ಮೆ ಕೇಳಿದ್ದೆ. ಬೆನ್ನಿಗೆ ಟೇಪು ಹಚ್ಚಿದ ಆ ಡಿಕ್ಷನರಿ ಇಳಿಸಿ, ಪುರಾಣ ಹೇಳುವವರ ಹಾಗೆ ಚಕ್ಕಳಮಕ್ಕಳ ಕೂತಿರಿ. ಹಿಂದಿನ ಕಾಲದಲ್ಲಿ ಈ ಪದಕ್ಕೆ ಕಾಯಿಲೆಯ ಅರ್ಥವೇ ಇರಲಿಲ್ಲವಂತೆ. ಒಪ್ಪವಾಗಿ ಜೋಡಿಸಿಡದ್ದು ಅಂತ ಅರ್ಥ. "ನಿನ್ನ ಜಡೆಯ ಹಾಗೆ." ಆಮೇಲೆ ಮೈಯೊಳಗೆ ಏನೋ ಸ್ವಲ್ಪ ಏರುಪೇರಾಗಿದೆ ಅಂತಾಯಿತು. ಅದರ ಪಕ್ಕದಲ್ಲೇ 'ಮನಸ್ಸಿಲ್ಲ' ಅನ್ನುವುದೂ ಬಂದು ಕೂತಿತು. "ಸಾಹೇಬರಿಗೆ ಮೈ ಸರಿ ಇಲ್ಲವೋ, ಮನಸ್ಸೇ ಇಲ್ಲವೋ ಅಂತ ಕೇಳುವ ಧೈರ್ಯ ಯಾರಿಗುಂಟು? ನಮ್ಮ ದೇಹಾಲಸ್ಯವೂ ಅದೇ ಜಾತಿ. ಕಾಯಿಲೆಯೋ ಸೋಮಾರಿತನವೋ, ದೇವರೇ ಬಲ್ಲ." ಆಮೇಲೆ ಸ್ವರ ತಗ್ಗಿಸಿ ಹೇಳಿದಿರಿ: "ಪ್ಯೂನು ಜ್ವರ ಅಂತ ಬರೆದರೆ ಡಾಕ್ಟರ ಚೀಟಿ ಕೇಳ್ತಾರೆ. ಭೇದಿ ಅಂತ ಬರೆದರೆ ಇಡೀ ಆಫೀಸು ನಗ್ತದೆ. ಈ ಪದ ಬರೆದು ನೋಡು, ಯಾರೂ ಏನೂ ಕೇಳೋದಿಲ್ಲ."

ಯಾರೂ ಏನೂ ಕೇಳೋದಿಲ್ಲ. ಎಷ್ಟು ಹೆಮ್ಮೆಯಿಂದ ಹೇಳಿದ್ದಿರಿ ಮಾವ! ಈಗ ಆ ಮಾತು ನೆನಪಾದಾಗಲೆಲ್ಲ ನಿಮ್ಮ ಡಿಕ್ಷನರಿಯನ್ನು ಓಡುವ ಲೋಕಲ್ ರೈಲಿನಿಂದ ಹಳಿಗೆ ಎಸೆಯಬೇಕು ಅನ್ನಿಸುತ್ತದೆ.

ಪದವನ್ನು ಕೆಡಿಸಿದ್ದು ನಾನೇ, ಒಪ್ಪಿಕೊಳ್ಳುತ್ತೇನೆ. ಕಾಲೇಜಿನ ಮೊದಲ ವರ್ಷ, ಯಾರದೋ ಮನೆಯ ಸತ್ಯನಾರಾಯಣ ಪೂಜೆ ತಪ್ಪಿಸಿಕೊಳ್ಳಲು ನಿಮಗೆ ಆ ಒಂದು ಪದದ ಮೆಸೇಜು ಕಳಿಸಿದೆ. ನೀವು ಅಲ್ಲಿ ಮುಖ ಸಣ್ಣ ಮಾಡಿಕೊಂಡು, "ಪಾಪ, ಹುಡುಗಿಗೆ ಮೈ ಹುಷಾರಿಲ್ಲ" ಅಂತ ಸಾರಿ, ನನ್ನ ಪಾಲಿನ ಸಪಾದ ಪ್ರಸಾದವನ್ನೂ ತಿಂದು ಬಂದಿರಿ. ಅಲ್ಲಿಂದ ಅದು ನಮ್ಮಿಬ್ಬರ ಕಾಯಿದೆಯಾಯಿತು. ಬರಲು ಮನಸ್ಸಿಲ್ಲದವರು ಪದ ಕಳಿಸುವುದು, ಇನ್ನೊಬ್ಬರು ನೆಂಟರ ಮುಂದೆ ನಗದೆ ಪ್ರಕಟಣೆ ಹೊರಡಿಸುವುದು, ಆಮೇಲೆ "ರಜೆ ಮಂಜೂರು" ಅಂತ ಉತ್ತರ ಹಾಕುವುದು. ಆರು ವರ್ಷದಲ್ಲಿ ಎಷ್ಟು ನಾಮಕರಣ, ಎಷ್ಟು ಗೃಹಪ್ರವೇಶ! ಒಮ್ಮೆಯೂ ನಮ್ಮಿಬ್ಬರಲ್ಲಿ ಯಾರಿಗೂ ನಿಜವಾಗಿ ಹುಷಾರು ತಪ್ಪಿರಲಿಲ್ಲ. ಹಾಗಾದರೆ ಆ ಪದಕ್ಕೆ ಉಳಿದ ಅರ್ಥ ಎಷ್ಟು ಮಾವ? ಒಂದೇ ಅಲ್ಲವಾ?

ಚಿಕ್ಕಮ್ಮನ ಮಗಳ ನಿಶ್ಚಿತಾರ್ಥದ ಬೆಳಿಗ್ಗೆ ನಾನು ಮುಲುಂಡಿನ ಹಾಲ್‌ನಲ್ಲಿ ಬಂದವರಿಗೆ ಪನ್ನೀರು ಚಿಮುಕಿಸುತ್ತ ನಿಂತಿದ್ದೆ. ಬೇಕೆಂದೇ ಕನ್ನಡಕಗಳಿಗೆ. ಆಗ ನಿಮ್ಮ ಮೆಸೇಜು ಬಂತು. ಒಂದೇ ಪದ. ನಾನು ಪನ್ನೀರುದಾನಿಯನ್ನು ಮೈಕಿನ ಹಾಗೆ ಹಿಡಿದುಕೊಂಡು, "ಆಂಟಾಪ್ ಹಿಲ್ ಸಂಸ್ಥಾನದ ಪ್ರಭುಗಳಿಗೆ ಕಿಂಚಿತ್ ದೇಹಾಲಸ್ಯ" ಅಂತ ಸಾರಿದೆ. ಎಲ್ಲರೂ ನಕ್ಕರು. ಅಮ್ಮ ನಗಲಿಲ್ಲ.

"ಏನಂತೆ? ಜ್ವರವಾ?"

"ಏನಿಲ್ಲಮ್ಮ, ಸ್ವಲ್ಪ ಸುಸ್ತಂತೆ."

"ನಿನ್ನ ಅಣ್ಣನ ಹತ್ರ ಗಂಜಿ ಕಳಿಸ್ತೇನೆ. ಬೈಕಲ್ಲಿ ಹೋಗಿ ನೋಡಿಕೊಂಡು ಬರ್ಲಿ."

"ಬೇಡಮ್ಮ, ಮಲಗ್ಲಿ. ಎಬ್ಬಿಸಿದ್ರೆ ಸಿಟ್ಟು ಬರ್ತದೆ ಅವರಿಗೆ."

ಎಷ್ಟು ಚಂದ ಕಾಪಾಡಿದೆ ನೋಡಿ ನಿಮ್ಮನ್ನು! ಆಮೇಲೆ ಮೂಲೆಗೆ ಹೋಗಿ ಬೆರಳು ಆಡಿಸಿದೆ: "ರಜೆ ಮಂಜೂರು. ಮಜಾ ಮಾಡಿ." ಮೆಸೇಜಿನ ಕೆಳಗಿನ ಎರಡು ಟಿಕ್ ಗೆರೆಗಳು ನೀಲಿಯಾದವು. ನೀವು ಓದಿದಿರಿ. ಓದಿ ಏನು ಅಂದುಕೊಂಡಿರಿ ಅಂತ...

ಊಟದ ಎಲೆ ಎತ್ತುವ ಹೊತ್ತಿಗೆ ನಿಮ್ಮ ಪಕ್ಕದ ಖೋಲಿಯ ಮರಾಠಿ ಮಾವಶಿಯ ಫೋನು ಬಂತು. ಎಷ್ಟು ಬಡಿದರೂ ಬಾಗಿಲು ತೆಗೀತಿಲ್ಲ ಅಂದಳು. ನಿಮ್ಮ ಕಡೆಯ ಸಯನ್ ಸ್ಟೇಷನ್‌ವರೆಗಿನ ಅರ್ಧ ಗಂಟೆಯ ಲೋಕಲ್ಲಿನಲ್ಲೂ ನಾನು ಮನಸ್ಸಿನಲ್ಲಿ ನಿಮಗೆ ಬೈಯುತ್ತಲೇ ಇದ್ದೆ, ನಾಟಕ ಅತಿಯಾಯಿತು ಅಂತ. ಬಾಗಿಲು ಒಡೆದಾಗ ನೀವು ಕುರ್ಚಿಯಲ್ಲಿದ್ದಿರಿ. ಇಸ್ತ್ರಿಯ ಗೆರೆ ಮಾಸದ ರೇಷ್ಮೆ ಶರಟು. ಪಕ್ಕದಲ್ಲಿ ನಿಶ್ಚಿತಾರ್ಥದ ಹುಡುಗಿಗೆ ಕೊಡಬೇಕಾದ ಸೀರೆಯ ಡಬ್ಬ, ಅದಕ್ಕೆ ಕೆಂಪು ರಿಬ್ಬನ್ನು. ಒಂದು ಕಾಲಿಗೆ ಶೂ.

ಬರಲು ಮನಸ್ಸಿಲ್ಲದವನು ಒಂದು ಕಾಲಿಗೆ ಶೂ ಹಾಕ್ತಾನಾ ಮಾವ?

ಇನ್ನೊಂದು ಪದ ಬರೆಯಲಿಕ್ಕೆ ನಿಮಗೇನಾಗಿತ್ತು? ಇಡೀ ಆಂಟಾಪ್ ಹಿಲ್‌ಗೆ ಅರ್ಜಿ ಬರೆದುಕೊಟ್ಟ ಮಹಾನುಭಾವರು! 'ಎದೆ' ಅಂತ ಬರೆದಿದ್ದರೆ ಎರಡಕ್ಷರ. 'ಬಾ' ಅಂದಿದ್ದರೆ ಒಂದೇ ಅಕ್ಷರ. ನನಗೆ ಅಕ್ಷರ ಕಲಿಸಿದವರು ನೀವೇ ಅಲ್ಲವಾ? ಓದ್ತಿರಲಿಲ್ಲವಾ ನಾನು? ಅಥವಾ ಎದೆನೋವು ಅಂತ ಬರೆದರೆ ಪ್ಯೂನಾಗಿಬಿಡ್ತೇನೆ, ಸಾಹೇಬನ ಹಾಗೆಯೇ ಹೋಗಬೇಕು ಅಂತ... ನಿಮ್ಮ ಮೇಲೆ ನನಗೆ ಇನ್ನೂ ಸಿಟ್ಟಿದೆ. ನನ್ನ ಮೇಲಿನ ಸಿಟ್ಟು ಇದರಿಂದ ಏನೂ ಕಡಿಮೆಯಾಗುವುದಿಲ್ಲ.

ಹದಿಮೂರನೇ ದಿನ ನೆಂಟರೆಲ್ಲ ನನ್ನ ತಲೆ ಸವರಿದರು. "ಪಾಪ, ಹೋಗುವ ಮೊದಲು ಇವಳೊಬ್ಬಳಿಗೇ ಹೇಳಿದ್ದ. ಅಷ್ಟು ಪ್ರೀತಿ." ನಾನು ತಲೆ ಬಗ್ಗಿಸಿಕೊಂಡು ಸವರಿಸಿಕೊಂಡೆ. ನನ್ನ ಜೀವನದ ಅತಿ ದೊಡ್ಡ ನಾಟಕ ಅದು, ಚಪ್ಪಾಳೆ ಹೊಡೆಯಲು ನೀವೇ ಇರಲಿಲ್ಲ. ಅಮ್ಮ ಮಾತ್ರ ಅಂದಿನಿಂದ ಒಂದೇ ಮಾತು: "ನಾನು ಗಂಜಿ ಕಳಿಸಬೇಕಿತ್ತು. ಹಾಲ್‌ನ ಗಡಿಬಿಡಿಯಲ್ಲಿ ನನ್ನ ತಮ್ಮನನ್ನು ಮರೆತೆ." ಮರೆತಿರಲಿಲ್ಲ ಅವಳು. ತಡೆದದ್ದು ನಾನು. ಎಂಟು ತಿಂಗಳು ಅವಳು ನನ್ನ ತಪ್ಪನ್ನು ತನ್ನದೆಂದು ಹೊತ್ತಳು, ನಾನು ಪಕ್ಕದಲ್ಲಿ ಕೂತು ಟೀ ಕುಡಿದೆ.

ಇವತ್ತು ಬೆಳಿಗ್ಗೆ ಅಕ್ಕಿ ತೊಳೆಯುತ್ತ ಮತ್ತೆ ಅದೇ ಮಾತು ತೆಗೆದಳು. ನನ್ನಿಂದಾಗಲಿಲ್ಲ ಮಾವ. ಹೇಳಿಬಿಟ್ಟೆ. ಕಾಯಿದೆ, ಪ್ರಕಟಣೆ, ತಿಂದ ಸಪಾದ, ಮಂಜೂರು ಮಾಡಿದ ರಜೆ, ಎಲ್ಲ. ಫೋನು ತೆರೆದು ಆ ನೀಲಿ ಗೆರೆಗಳನ್ನೂ ತೋರಿಸಿದೆ. ಅವಳು ಬೈಯಲಿಲ್ಲ. ಗ್ಯಾಸು ಆರಿಸಿದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ನಿಮ್ಮಿಬ್ಬರ ಆ ಇಂಡಿಸ್ಪೋಸ್ ಉಂಟಲ್ಲ, ಇವತ್ತು ನನಗೆ ಅದು" ಅಂದಳು. ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಯಾವ ಅರ್ಥದಲ್ಲಿ ಹೇಳಿದಳು ಮಾವ? ಮೈಗೇನೋ ಆಯಿತಾ? ನನ್ನ ಮುಖ ನೋಡಲು ಮನಸ್ಸಿಲ್ಲವಾ? ಇಲ್ಲ, ನಿಮ್ಮ ಡಿಕ್ಷನರಿಯ ಆ ಮೊದಲ ಅರ್ಥವಾ, ಒಳಗೆ ಯಾವುದೂ ಇದ್ದ ಜಾಗದಲ್ಲಿ ಇಲ್ಲ ಅಂತ? ನನಗೆ ಗೊತ್ತಿಲ್ಲ. ಅದಕ್ಕೇ ಬಾಗಿಲು ತಟ್ಟಿದೆ. "ಏನಾಗ್ತಾ ಉಂಟು ಅಮ್ಮ?" ಅಂತ ಕೇಳಿದೆ. ಮತ್ತೆ ಕೇಳಿದೆ. ಮೂರನೇ ಸಲಕ್ಕೆ, "ಹೋಗು" ಅಂದಳು.

ಹೋಗಿಲ್ಲ. ಅವಳ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಪ್ರತಿ ಪ್ಯಾರಾ ಮುಗಿದಾಗ ಒಮ್ಮೆ ತಟ್ಟಿ, ಕೇಳಿ, ಒಳಗಿನ ಬಳೆಯ ಸದ್ದು ಕೇಳಿಸಿಕೊಂಡು ಮುಂದಿನದಕ್ಕೆ ಹೋಗಿದ್ದೇನೆ. ಬೈದರೆ ಬೈಯಲಿ. ಈ ಮನೆಯಲ್ಲಿ ಇನ್ನು ಯಾರಿಗೂ ಕೇಳದೆ ರಜೆ ಮಂಜೂರಾಗುವುದಿಲ್ಲ.

ತಡೆಯಿರಿ ಮಾವ, ತಟ್ಟಿ ಬರುತ್ತೇನೆ.