ಸತುರ್ನಿನಾಳ ಟೊಪ್ಪಿ

ಆಗಸ್ಟ್ 14, ಮಂಗಳವಾರ

ಸಂಜೆ ಬಾಯಿತಪ್ಪಿ ಬಂದ ಹೆಸರು ಇನ್ನೂ ಕಿವಿಯಲ್ಲೇ ಇದೆ.

ಆಯಾಕುಚೊ ರಸ್ತೆಯ ತಿರುವಿನಲ್ಲಿ ಬಸ್ಸು ಉರುಳಿದ ಮೇಲೆ ಸತುರ್ನಿನಾ ಸರಿಯಾಗಿ ನಿದ್ದೆ ಮಾಡಿಲ್ಲ. ಎದೆ ಹೊಡೆದುಕೊಳ್ಳುತ್ತದೆ, ಬೆಚ್ಚಿ ಎದ್ದು ಕೂರುತ್ತಾಳೆ. ಮೂರು ವಾರದಿಂದ ನಮ್ಮ ಆಸ್ಪತ್ರೆಯಲ್ಲಿ ಅವಳ ಪಕ್ಕ ಕೂತು ನಿಧಾನವಾಗಿ ಉಸಿರು ಬಿಡುವುದನ್ನು ಹೇಳಿಕೊಡುತ್ತಿದ್ದೇನೆ.

ಅವಳ ಅತ್ತೆ ತೆಯೋಫಿಲಾ ಇವತ್ತು ಬಂದು ರೇಗಿದಳು. "ಉಸಿರು ಇಲ್ಲೇ ಇದೆ ಕಣೇ ನರ್ಸಮ್ಮ, ಜೀವ ಹೆದರಿ ಆ ತಿರುವಿನಲ್ಲೇ ಕೂತಿದೆ. ನಿನ್ನ ಮಾತ್ರೆ ಅದನ್ನ ಹೊತ್ಕೊಂಡು ಬರುತ್ತಾ?"

ಸಂಜೆ ಮೂವರೂ ಆ ತಿರುವಿಗೆ ಹೋದೆವು. ಹೆದರಿದವರದೇ ಟೊಪ್ಪಿ ಬೀಸಿ ಅವರ ಹೆಸರು ಕೂಗಿದರೆ ಜೀವ ಹಿಂದೆ ಬರುತ್ತದಂತೆ. ನೆಗಡಿಯಾಗಿ ತೆಯೋಫಿಲಾಳಿಗೆ ದೂರಕ್ಕೆ ಕೇಳುವಂತೆ ಕೂಗಲಾಗುತ್ತಿರಲಿಲ್ಲ, ಜೀವ ಕರೆಯುವ ಕೆಲಸ ನನಗೆ ಬಂತು. ಸತುರ್ನಿನಾಳ ಟೊಪ್ಪಿ ಬೀಸುತ್ತಾ ಕರೆದೆ: "ಬಾ, ಮನೆಗೆ ಹೋಗೋಣ, ನೆಲಿದಾ."

ನೆಲಿದಾ ನನ್ನ ಮಗಳು. ಅದೇ ಬಸ್ಸಿನಲ್ಲಿ ತೀರಿಹೋದವಳು.

"ಬಂದೆ ಅಮ್ಮಾ" ಎಂದಳು ಸತುರ್ನಿನಾ.

ತೆಯೋಫಿಲಾ ನನ್ನ ಮಣಿಕಟ್ಟು ಹಿಡಿದಳು. "ಅಯ್ಯೋ, ಸತ್ತವಳನ್ನ ಕರೆದುಬಿಟ್ಟೆಯಲ್ಲೇ! ಕತ್ತಲಾಗೋದ್ರೊಳಗೆ ಸರಿಯಾದ ಹೆಸರು ಕರಿ!"

ಕರೆದರೆ ನೆಲಿದಾ ಹೊರಟುಹೋಗುತ್ತಾಳೆ ಅನ್ನಿಸಿತು. ಕರೆಯದೆ, ಟೊಪ್ಪಿ ಮಡಚಿಟ್ಟುಕೊಂಡು ಸತುರ್ನಿನಾಳನ್ನು ಆಸ್ಪತ್ರೆಗೆ ಕರೆತಂದೆ.

ಈಗ ವಾರ್ಡಿನಲ್ಲಿ ಸತುರ್ನಿನಾ ಗಾಢವಾಗಿ ನಿದ್ದೆ ಮಾಡುತ್ತಿದ್ದಾಳೆ. ನಾಡಿ ಶಾಂತವಾಗಿದೆ. ಗೋಡೆಗೆ ಮುಖ ಮಾಡಿ, ಕೈ ಕೆನ್ನೆಯ ಕೆಳಗಿಟ್ಟು, ನೆಲಿದಾ ಮಲಗುತ್ತಿದ್ದ ಹಾಗೆ. ಈ ಮೂರು ವಾರದಲ್ಲಿ ಸತುರ್ನಿನಾ ಹಾಗೆ ಮಲಗಿದ್ದನ್ನು ನಾನು ಎಂದೂ ನೋಡಿಲ್ಲ.

ನಸುಕಿಗೆ ತೆಯೋಫಿಲಾ ತಾನೇ ಕರೆಯಲು ಬರುತ್ತಾಳಂತೆ. ಟೊಪ್ಪಿಯಿಲ್ಲದೆ ಕರೆಯಲಾಗದು.

ಅದು ನನ್ನ ದಿಂಬಿನ ಕೆಳಗಿದೆ.